ಮುಖಕ್ಕೂ ಕೂದಲಿಗೂ ಆಪರೇಷನ್ ಇಲ್ಲದ ಚಿಕಿತ್ಸೆ: ಯಾವುದು ಮೊದಲು, ಯಾವುದು ಕೊನೆಗೆ?

ವಿಜಯಪುರ, ಬಾಗಲಕೋಟೆ, ಬೆಳಗಾವಿ, ಮೂರೂ ಊರಲ್ಲಿ ಈಗ ‘ಸ್ಕಿನ್ ಆ್ಯಂಡ್ ಹೇರ್’ ಬೋರ್ಡುಗಳಿಗೆ ಬರವಿಲ್ಲ. ಮೊದಲೆಲ್ಲ ಲೇಸರ್ ಅಂದರೆ ಸೊಲ್ಲಾಪುರ, ಹುಬ್ಬಳ್ಳಿ, ಪುಣೆ ಅಂತ ಬಸ್ಸು ಹತ್ತಬೇಕಿತ್ತು. ಈಗ ಮನೆ ಹತ್ತಿರವೇ ಪೀಲಿಂಗ್ (ಆ್ಯಸಿಡ್ ಹಚ್ಚಿ ಮುಖದ ಮೇಲಿನ ಪದರ ಕಳಚುವುದು), ಪಿಆರ್‌ಪಿ (ನಮ್ಮದೇ ರಕ್ತದ ಒಂದು ಭಾಗವನ್ನು ತಲೆಗೆ ಚುಚ್ಚುವುದು), ಬೊಟಾಕ್ಸ್ (ಮುಖದ ಗೆರೆಗೆ ಕೊಡುವ ಇಂಜೆಕ್ಷನ್) ಎಲ್ಲ ಸಿಗುತ್ತದೆ. ಒಳ್ಳೆಯದೇ. ಆದರೆ ಹೆಚ್ಚಿನವರು ಉಲ್ಟಾ ದಾರಿ ಹಿಡಿಯುತ್ತಾರೆ. ಮೊದಲು ಪ್ಯಾಕೇಜಿಗೆ ದುಡ್ಡು ಕಟ್ಟುತ್ತಾರೆ. ಆಮೇಲೆ ತೊಂದರೆ ಏನು ಅಂತ ಕೇಳುತ್ತಾರೆ. ಕೊನೆಗೆ, ಕಲೆ ಇನ್ನೂ ಕಪ್ಪಾದ ಮೇಲೆ, ಸನ್‌ಸ್ಕ್ರೀನ್ ಕೊಳ್ಳುತ್ತಾರೆ.

ಈ ಕ್ರಮವನ್ನು ನೆಟ್ಟಗೆ ಮಾಡಿಕೊಳ್ಳಬೇಕು. ಮೊದಲು ಕಾರಣ ಪತ್ತೆ ಮಾಡುವುದು. ನಂತರ ಮನೆಯಲ್ಲಿ ದಿನಾ ಮಾಡುವ ಅಗ್ಗದ ಕೆಲಸ. ಸೂಜಿ, ಮೆಷಿನ್ನು ಕೊನೆಗೆ. ಇಲ್ಲಿ ಬರೆದದ್ದು ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು ಅಂತ ತಿಳಿಯಲಿ ಎಂದು. ಮಾತ್ರೆ, ಮುಲಾಮು ನೀವೇ ಬರೆದುಕೊಳ್ಳಲಿ ಎಂದಲ್ಲ.

ಹಂತ 1: ಏನಾಗಿದೆ ಅಂತ ಮೊದಲು ತಿಳಿಯಿರಿ

ಕೂದಲಿನಿಂದ ಶುರು ಮಾಡೋಣ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ತಲೆಸ್ನಾನದ ದಿನ ಜಾಸ್ತಿ ಕಾಣುತ್ತದೆ, ಅಷ್ಟೇ. ಅದಕ್ಕಿಂತ ಜಾಸ್ತಿ ಅನಿಸಿದರೆ, ಎರಡು ಮೂರು ತಿಂಗಳ ಹಿಂದೆ ಏನಾಗಿತ್ತು ಅಂತ ನೆನಪು ಮಾಡಿಕೊಳ್ಳಿ. ಡೆಂಗಿ, ಟೈಫಾಯ್ಡ್, ಹೆರಿಗೆ, ದೊಡ್ಡ ಆಪರೇಷನ್, ಊಟ ಬಿಟ್ಟು ತೂಕ ಇಳಿಸಿದ್ದು, ಮನೆಯಲ್ಲಿ ಸಾವು. ಇಂಥದ್ದೇನಾದರೂ ಆದ ಎರಡು ಮೂರು ತಿಂಗಳಿಗೆ ಕೂದಲು ಮುಷ್ಟಿಗಟ್ಟಲೆ ಕೈಗೆ ಬರುತ್ತದೆ. ದೇಹಕ್ಕೆ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲು ಒಟ್ಟಿಗೇ ಬೆಳವಣಿಗೆ ನಿಲ್ಲಿಸುತ್ತವೆ. ಕೆಲವು ತಿಂಗಳಾದ ಮೇಲೆ ಒಟ್ಟಿಗೇ ಬೀಳುತ್ತವೆ. ಇದು ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿಯೇ ನಿಲ್ಲುತ್ತದೆ. ಬಾಣಂತಿಯರಿಗೆ ಪಿಆರ್‌ಪಿ ಪ್ಯಾಕೇಜ್ ಮಾರುವವರು ಇದನ್ನು ಹೇಳುವುದಿಲ್ಲ. ಕಾದಿದ್ದರೆ ತಾನೇ ಬರುತ್ತಿದ್ದ ಕೂದಲಿಗೆ ದುಡ್ಡು ಕೊಟ್ಟ ಹಾಗಾಗುತ್ತದೆ.

ಇನ್ನೊಂದು ಬಗೆ ಮನೆತನದಿಂದ ಬರುವುದು. ಗಂಡಸರಲ್ಲಿ ಹಣೆಯ ಎರಡೂ ಬದಿ ಹಿಂದೆ ಸರಿಯುತ್ತದೆ, ನೆತ್ತಿ ತೆಳುವಾಗುತ್ತದೆ. ಹೆಂಗಸರಲ್ಲಿ ಮುಂದಿನ ಸಾಲು ಹಾಗೇ ಇದ್ದು ಬೈತಲೆ ಅಗಲವಾಗುತ್ತಾ ಹೋಗುತ್ತದೆ. ಇದು ತಾನಾಗಿ ನಿಲ್ಲುವುದಿಲ್ಲ. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಕೂದಲು ಉಳಿಯುತ್ತದೆ. ತಂದೆಯ ಕಡೆ ಮಾತ್ರ ನೋಡಬೇಡಿ, ತಾಯಿಯ ಕಡೆಯಿಂದಲೂ ಬರುತ್ತದೆ.

ನಾಣ್ಯದಷ್ಟು ಜಾಗದಲ್ಲಿ ನುಣ್ಣಗೆ ಕೂದಲು ಹೋಗಿದ್ದರೆ ಅದು ಬೇರೆಯೇ ಕಾಯಿಲೆ. ‘ಹುಳ ತಿಂದಿದೆ’ ಅಂತಾರೆ, ಆದರೆ ಅಲ್ಲಿ ಹುಳ ಇರುವುದಿಲ್ಲ. ದೇಹದ ರಕ್ಷಣಾ ಪಡೆಯೇ ಕೂದಲ ಬುಡದ ಮೇಲೆ ತಿರುಗಿಬಿದ್ದಿರುತ್ತದೆ. ಬೆಳ್ಳುಳ್ಳಿ ತಿಕ್ಕಿದರೆ ಚರ್ಮ ಸುಡುತ್ತದೆ, ಅಷ್ಟೇ. ಮಗುವಿನ ತಲೆಯಲ್ಲಿ ಇಂಥ ಜಾಗ ಇದ್ದು, ಹೊಟ್ಟು, ತುರಿಕೆ, ಮುರಿದ ಕೂದಲೂ ಕಂಡರೆ ಅದು ಫಂಗಸ್ ಆಗಿರಬಹುದು. ಅದಕ್ಕೆ ಹೊಟ್ಟೆಗೆ ಮಾತ್ರೆ ಬೇಕು, ಬರೀ ಎಣ್ಣೆಯಿಂದ ಆಗದು.

ರಕ್ತ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್‌ನ ಟಿಎಸ್‌ಎಚ್, ಕೆಲವೊಮ್ಮೆ ವಿಟಮಿನ್ ಡಿ ಬರೆಯುತ್ತಾರೆ. ಹಿಮೋಗ್ಲೋಬಿನ್ ಸರಿ ಇದ್ದೂ ಕಬ್ಬಿಣದ ದಾಸ್ತಾನು ಖಾಲಿ ಇರಬಹುದು. ಅದನ್ನು ತೋರಿಸುವುದು ಫೆರಿಟಿನ್. ಮುಟ್ಟು ಏರುಪೇರಾಗಿ, ಗದ್ದದ ಮೇಲೆ ಕೂದಲು, ಮೊಡವೆ ಇದ್ದರೆ ಪಿಸಿಒಎಸ್ (ಹೆಂಗಸರಲ್ಲಿ ಹಾರ್ಮೋನು ಏರುಪೇರಾಗುವ ತೊಂದರೆ) ಇದೆಯಾ ಅಂತ ನೋಡಿಸಿ. ಬಯೋಟಿನ್ ಗುಳಿಗೆ ನುಂಗುತ್ತಿದ್ದರೆ ಪರೀಕ್ಷೆಗೆ ಮೊದಲೇ ಡಾಕ್ಟರಿಗೆ ಹೇಳಿ. ಅದು ಥೈರಾಯ್ಡ್ ವರದಿಯನ್ನೇ ತಪ್ಪು ತೋರಿಸಬಲ್ಲದು. ನಿಜ ಹೇಳಬೇಕೆಂದರೆ, ಕೊರತೆ ಇಲ್ಲದವರಿಗೆ ಬಯೋಟಿನ್‌ನಿಂದ ಕೂದಲು ಬರುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ.

ಇನ್ನು ನೀರು. ವಿಜಯಪುರ, ಬಾಗಲಕೋಟೆ ಕಡೆ ಬೋರಿನ ಸವಳು ನೀರಿನ ಮೇಲೆ ಎಲ್ಲ ತಪ್ಪೂ ಹೊರಿಸುವ ರೂಢಿ ಇದೆ. ಗಡಸು ನೀರಿನಿಂದ ಕೂದಲು ಒರಟಾಗುತ್ತದೆ, ಸಿಕ್ಕು ಬೀಳುತ್ತದೆ, ತುಂಡಾಗುತ್ತದೆ. ಆದರೆ ಬುಡದಿಂದ ಬೋಳು ಮಾಡುವ ಶಕ್ತಿ ಅದಕ್ಕಿಲ್ಲ. ಬಿದ್ದ ಕೂದಲನ್ನು ಕೈಯಲ್ಲಿ ಹಿಡಿದು ನೋಡಿ. ತುದಿಯಲ್ಲಿ ಸಣ್ಣ ಬಿಳಿ ಗುಂಡು ಇದ್ದರೆ ಬುಡದಿಂದ ಉದುರಿದ್ದು. ಇಲ್ಲದಿದ್ದರೆ ಮುರಿದದ್ದು. ಮುರಿದದ್ದಕ್ಕೆ ಕಂಡೀಷನರ್ ಸಾಕು. ಹೆಲ್ಮೆಟ್ಟಿನ ಮೇಲಿನ ಆರೋಪವೂ ಇಂಥದ್ದೇ. ದಯವಿಟ್ಟು ಹಾಕಿಕೊಳ್ಳಿ.

ಮುಖದ ವಿಷಯಕ್ಕೆ ಬಂದರೆ, ನಮ್ಮ ಕಡೆ ಜಾಸ್ತಿ ಕಾಡುವುದು ಬಂಗು. ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ಕಂದು ಬಣ್ಣದ ಹರವು. ಬಸುರಿಯಲ್ಲಿ ಬರಬಹುದು, ಗರ್ಭನಿರೋಧಕ ಗುಳಿಗೆಯಿಂದ ಬರಬಹುದು, ಬಿಸಿಲು ಅದನ್ನು ಬೆಳೆಸುತ್ತದೆ. ಬಂಗು ಕಡಿಮೆಯಾಗುತ್ತದೆ, ಮತ್ತೆ ಮರಳುತ್ತದೆ. ‘ಶಾಶ್ವತವಾಗಿ ತೆಗೆಯುತ್ತೇವೆ’ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಕತ್ತಿನ ಹಿಂದೆ, ಕಂಕುಳಲ್ಲಿ ಮಖಮಲ್ಲಿನ ಹಾಗೆ ದಪ್ಪಗೆ ಕಪ್ಪಾಗಿದ್ದರೆ ಅದು ಕೊಳೆ ಅಲ್ಲ. ಎಷ್ಟೋ ತಾಯಂದಿರು ಮಕ್ಕಳ ಕತ್ತನ್ನು ಕಲ್ಲು ಹಾಕಿ ತಿಕ್ಕುತ್ತಾರೆ, ಪಾಪ. ಹೆಚ್ಚಾಗಿ ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಸೂಚನೆ. ಪೀಲಿಂಗ್‌ಗಿಂತ ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ, ತೂಕ ನೋಡಿ. ಹಾಗೆಯೇ ಮೈಮೇಲೆ ತಿಳಿ ಬಣ್ಣದ ಮಚ್ಚೆ ಇದ್ದು, ಅಲ್ಲಿ ಮುಟ್ಟಿದರೆ, ಚುಚ್ಚಿದರೆ ಗೊತ್ತಾಗದಿದ್ದರೆ ಪಾರ್ಲರ್‌ಗೆ ಹೋಗಬೇಡಿ. ಅದು ಕುಷ್ಠರೋಗದ ಲಕ್ಷಣ ಆಗಿರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ, ಪೂರ್ತಿ ಗುಣವಾಗುತ್ತದೆ.

ಹಂತ 2: ಯಾರ ಹತ್ತಿರ ಹೋಗಬೇಕು

ಬೋರ್ಡಿನ ಹೊಳಪು ನೋಡಬೇಡಿ, ಹೆಸರಿನ ಮುಂದಿನ ಅಕ್ಷರ ನೋಡಿ. ಚರ್ಮರೋಗ ತಜ್ಞರಿಗೆ ಎಂಬಿಬಿಎಸ್ ಆದ ಮೇಲೆ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಇರುತ್ತದೆ, ಜೊತೆಗೆ ಡಿವಿಎಲ್, ಡಿವಿಡಿ ಅಂತ (ಚರ್ಮರೋಗದ ಓದಿನ ಗುರುತು) ಬರೆದಿರುತ್ತದೆ. ‘ಕಾಸ್ಮೆಟಾಲಜಿಸ್ಟ್’, ‘ಟ್ರೈಕಾಲಜಿಸ್ಟ್’, ‘ಏಸ್ತೆಟಿಕ್ ಎಕ್ಸ್‌ಪರ್ಟ್’ ಅನ್ನುವುದನ್ನು ಸಣ್ಣ ಕೋರ್ಸ್ ಮಾಡಿದವರೂ ಬರೆದುಕೊಳ್ಳುತ್ತಾರೆ. ವೈದ್ಯರ ನೋಂದಣಿ ಸಂಖ್ಯೆಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿ ನೋಡಬಹುದು. ಖಾಸಗಿ ಕ್ಲಿನಿಕ್ ಆದರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಇರಲೇಬೇಕು. 2007ರಿಂದ ಆ ಕಾನೂನಿದೆ. ಆ ಪ್ರಮಾಣಪತ್ರ ಕಾಣುವ ಹಾಗೆ ಇದೆಯಾ, ದರಪಟ್ಟಿ ಇದೆಯಾ ನೋಡಿ. ಕೇಳಿದರೆ ಮುಖ ಸಿಂಡರಿಸುವ ಜಾಗದಲ್ಲಿ ಮುಖ ಕೊಡಬೇಡಿ.

ಮೊದಲ ಸಲ ತೋರಿಸಲು ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗ ಒಳ್ಳೆಯ ಜಾಗ ಅನ್ನುವುದು ನನ್ನ ಅಭಿಪ್ರಾಯ. ವಿಜಯಪುರದಲ್ಲಿ ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು, ಅಲ್-ಅಮೀನ್ ಇವೆ. ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆ ಇದೆ. ಬೆಳಗಾವಿಯಲ್ಲಿ ಕೆಎಲ್‌ಇಯ ಪ್ರಭಾಕರ ಕೋರೆ ಆಸ್ಪತ್ರೆ, ಸರ್ಕಾರದ ಬಿಮ್ಸ್ ಇವೆ. ಪಾಳಿ ಉದ್ದ ಇರುತ್ತದೆ, ಎಸಿ ಸೋಫಾ ಇರುವುದಿಲ್ಲ. ಆದರೆ ಅಲ್ಲಿ ಪ್ಯಾಕೇಜ್ ಮಾರುವ ಅವಸರವೂ ಇರುವುದಿಲ್ಲ. ಏನಾಗಿದೆ ಅಂತ ಅಲ್ಲಿ ಗೊತ್ತುಮಾಡಿಕೊಂಡು, ಚಿಕಿತ್ಸೆ ಎಲ್ಲಿ ಬೇಕಾದರೂ ಮಾಡಿಸಬಹುದು.

ದೂರದ ದೊಡ್ಡ ಊರಿಗೇ ಹೋಗಬೇಕು ಅನ್ನುವವರಿಗೆ ಒಂದು ಮಾತು. ಈ ಚಿಕಿತ್ಸೆಗಳೆಲ್ಲ ನಾಲ್ಕಾರು ಸಲ ಹೋಗಬೇಕಾದಂಥವು. ಮೂರನೇ ದಿನ ಮುಖ ಉರಿದು ಕೆಂಪಾದರೆ ತೋರಿಸಲು ಪುಣೆಗೆ ಓಡಲಾಗುತ್ತದಾ? ಹತ್ತಿರದ ಸಾಧಾರಣ ಕ್ಲಿನಿಕ್ಕಿನ ಒಳ್ಳೆಯ ಡಾಕ್ಟರು ದೂರದ ದೊಡ್ಡ ಹೆಸರಿಗಿಂತ ಮೇಲು.

ಹಂತ 3: ಕೈಯಲ್ಲಿರುವ ಟ್ಯೂಬನ್ನು ತೋರಿಸಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ನಮ್ಮ ಊರುಗಳಲ್ಲಿ ಮುಖ ಕೆಡಿಸಿದ್ದರಲ್ಲಿ ಮೆಡಿಕಲ್ ಅಂಗಡಿಯ ‘ಬೆಳ್ಳಗಾಗುವ ಕ್ರೀಮಿ’ನ ಪಾಲು ದೊಡ್ಡದು. ಅಕ್ಕ ಹಚ್ಚುತ್ತಾಳೆ ಅಂತ ತಂಗಿ, ತಂಗಿ ಹಚ್ಚಿದ್ದನ್ನು ನೋಡಿ ಪಕ್ಕದ ಮನೆಯವರು. ಆ ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸೋಲ್ ಅಂತ ಇದ್ದರೆ ಅದು ಸ್ಟೆರಾಯ್ಡ್. ಜೊತೆಗೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಸೇರಿಸಿದ ಮೂರರ ಮಿಶ್ರಣವೂ ಬರುತ್ತದೆ. ಬಂಗಿಗೆ ಡಾಕ್ಟರೇ ಅದನ್ನು ಕೆಲವು ವಾರಕ್ಕೆ ಬರೆಯುತ್ತಾರೆ. ಜನ ಅದೇ ಚೀಟಿ ಇಟ್ಟುಕೊಂಡು ವರ್ಷಗಟ್ಟಲೆ ಹಚ್ಚುತ್ತಾರೆ.

ಮೊದಲ ವಾರಗಳಲ್ಲಿ ಮುಖ ಫಳಫಳ ಅನ್ನುತ್ತದೆ. ಆಮೇಲೆ ಚರ್ಮ ತೆಳುವಾಗಿ ಸಣ್ಣ ಕೆಂಪು ನರಗಳು ಕಾಣುತ್ತವೆ. ಮೊಡವೆ ಏಳುತ್ತದೆ, ಹೆಂಗಸರ ಮುಖದಲ್ಲಿ ರೋಮ ಬೆಳೆಯುತ್ತದೆ, ಬಿಸಿಲು ತಾಗಿದರೆ ಉರಿಯುತ್ತದೆ. ಬಿಟ್ಟರೆ ಇನ್ನೂ ಕೆಂಪಾಗುತ್ತದೆ, ಅದಕ್ಕೇ ಮತ್ತೆ ಹಚ್ಚುತ್ತಾರೆ. ಇಂಥ ಚರ್ಮದ ಮೇಲೆ ಪೀಲ್, ಲೇಸರ್ ಮಾಡಿದರೆ ಸುಟ್ಟ ಹಾಗಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಹಚ್ಚುವ ಸ್ಟೆರಾಯ್ಡ್‌ಗಳನ್ನು ಎಚ್ ಪಟ್ಟಿಗೆ ಸೇರಿಸಿತು. ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಚೀಟಿ ಇಲ್ಲದೆ ಸಿಗುತ್ತವೆ, ನಿಮಗೂ ಗೊತ್ತು.

ಬಹಳ ದಿನ ಹಚ್ಚಿದವರು ಒಮ್ಮೆಲೇ ಬಿಡಬೇಡಿ. ಡಾಕ್ಟರು ಹಂತಹಂತವಾಗಿ ಬಿಡಿಸುತ್ತಾರೆ, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ನಾಚಿಕೆಪಟ್ಟು ಮುಚ್ಚಿಡಬೇಡಿ, ಟ್ಯೂಬನ್ನೇ ಒಯ್ದು ಮೇಜಿನ ಮೇಲಿಡಿ.

ಇನ್ನೊಂದು ನಿಂಬೆಹಣ್ಣು. ಇಂಡಿ ತಾಲೂಕಿನ ನಿಂಬೆ ಹೆಸರುವಾಸಿ, ಮನೆಯಲ್ಲಿ ಸದಾ ಇರುತ್ತದೆ. ಆದರೆ ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಅಲ್ಲಿ ಚರ್ಮ ಸುಟ್ಟು ಬೊಬ್ಬೆ ಬರಬಹುದು, ತಿಂಗಳುಗಟ್ಟಲೆ ಕಪ್ಪು ಗುರುತು ಉಳಿಯಬಹುದು. ರಸದಲ್ಲಿರುವ ಕೆಲವು ಅಂಶಗಳು ಬಿಸಿಲಿನ ಜೊತೆ ಸೇರಿ ಮಾಡುವ ಕೆಲಸ ಅದು. ನಿಂಬೆ ಶರಬತ್ತಿಗೆ ಇರಲಿ.

ಹಂತ 4: ಮೂರು ತಿಂಗಳು ಮನೆಯ ಕೆಲಸ

ಸನ್‌ಸ್ಕ್ರೀನ್ ಇಲ್ಲದೆ ಮುಖಕ್ಕೆ ಬೇರೇನು ಮಾಡಿಸಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಎಸ್‌ಪಿಎಫ್, ಅಂದರೆ ಬಿಸಿಲು ತಡೆಯುವ ಅಳತೆ, 30 ಅಥವಾ 50 ಇದ್ದರೆ ಸಾಕು. 30 ಅನ್ನುವುದು ಸುಡುವ ಕಿರಣದ ಶೇ 97ರಷ್ಟನ್ನು ತಡೆಯುತ್ತದೆ, 50 ಅನ್ನುವುದು ಶೇ 98. ಹಾಗಾಗಿ ಸಂಖ್ಯೆಗಿಂತ ಅಳತೆ ಮುಖ್ಯ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಮುಖಕ್ಕೂ ಕತ್ತಿಗೂ ಬೇಕು. ಜನ ಹಚ್ಚುವುದು ಅದರ ಅರ್ಧವೂ ಇಲ್ಲ. ಹೊರಗೆ ಇದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬಸ್ಸಿನ ಕಿಟಕಿ ಗಾಜು ಸುಡುವ ಕಿರಣ ತಡೆದರೂ ಕಪ್ಪು ಮಾಡುವ ಕಿರಣವನ್ನು ಬಹುಪಾಲು ಒಳಗೆ ಬಿಡುತ್ತದೆ. ಮುದ್ದೇಬಿಹಾಳದಿಂದ ದಿನಾ ವಿಜಯಪುರಕ್ಕೆ ಓಡಾಡುವವರು ಇದನ್ನು ನೆನಪಿಡಬೇಕು. ಬಂಗು ಇದ್ದವರಿಗೆ ಬಣ್ಣ ಬೆರೆಸಿದ, ಐರನ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಮೇಲು. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆರಳಿಸುತ್ತದೆ.

ಹೊಲದಲ್ಲಿ ದುಡಿಯುವವರಿಗೆ, ದ್ರಾಕ್ಷಿ ತೋಟದಲ್ಲಿ ದಿನವಿಡೀ ನಿಲ್ಲುವವರಿಗೆ ಇದೆಲ್ಲ ಆಗದ ಮಾತು ಅನಿಸಬಹುದು. ತಲೆ ಮೇಲೆ ಎಳೆದ ಸೆರಗು, ಕಿವಿ ಕತ್ತು ಮುಚ್ಚುವ ಟವೆಲ್ಲು, ಅಗಲ ಟೊಪ್ಪಿಗೆ ಇವೂ ಒಳ್ಳೆಯ ಸನ್‌ಸ್ಕ್ರೀನೇ. ಬೆವರಿಗೆ ಇಳಿಯುವುದಿಲ್ಲ ಬೇರೆ.

ರಾತ್ರಿಗೆ ರೆಟಿನಾಯ್ಡ್, ಅಂದರೆ ವಿಟಮಿನ್ ಎ ಜಾತಿಯ ಮುಲಾಮು. ಮೊಡವೆ, ಸಣ್ಣ ಗೆರೆ, ಒರಟುತನ ಮೂರಕ್ಕೂ ಇಷ್ಟು ವರ್ಷದ ಪುರಾವೆ ಇರುವ ಮುಲಾಮು ಇನ್ನೊಂದಿಲ್ಲ. ಅಡಾಪಲೀನ್ 0.1 ಶೇಕಡಾ ಸೌಮ್ಯ, ಟ್ರೆಟಿನಾಯಿನ್ 0.025 ಶೇಕಡಾ ಸ್ವಲ್ಪ ಖಾರ. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು. ವಾರಕ್ಕೆ ಎರಡು ರಾತ್ರಿಯಿಂದ ಶುರು ಮಾಡಿ ನಿಧಾನಕ್ಕೆ ಏರಿಸಿ. ಮೊದಲು ಸಿಪ್ಪೆ ಏಳುತ್ತದೆ, ಒಣಗುತ್ತದೆ. ಮೇಲೆ ಮಾಯಿಶ್ಚರೈಸರ್ ಹಚ್ಚಿ. ಬಸುರಿಯರಿಗೆ, ಮಗುವಿಗೆ ಪ್ರಯತ್ನಿಸುತ್ತಿರುವವರಿಗೆ ಇದು ಬೇಡ. ಅವರಿಗೆ ಅಝಲೇಯಿಕ್ ಆ್ಯಸಿಡ್ ಇದೆ, ಡಾಕ್ಟರನ್ನು ಕೇಳಿ.

ಹನ್ನೆರಡು ವಾರ ಇಷ್ಟೇ ಮಾಡಿ. ಎಷ್ಟೋ ಜನರಿಗೆ ಮುಂದಿನ ಹಂತವೇ ಬೇಕಾಗುವುದಿಲ್ಲ.

ಹಂತ 5: ಪಂಚಾಂಗ ನೋಡಿ

ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ನಮ್ಮ ಕಡೆ ಮದುವೆಗಳೂ ಜಾಸ್ತಿ ಆಗಲೇ. ಹಾಗಾಗಿ ಜನ ಮಾರ್ಚಿನಲ್ಲಿ ಎದ್ದು ಕ್ಲಿನಿಕ್ಕಿಗೆ ಓಡುತ್ತಾರೆ. ಪೀಲ್, ಲೇಸರ್ ಆದ ಚರ್ಮ ಬಿಸಿಲಿಗೆ ಬಿದ್ದರೆ ಕಪ್ಪಾಗುತ್ತದೆ. ನಮ್ಮ ಗೋಧಿ ಬಣ್ಣದ, ಎಣ್ಣೆಗಪ್ಪಿನ ಚರ್ಮಕ್ಕೆ ಈ ಗುಣ ಜಾಸ್ತಿ. ದಸರಾ ಮುಗಿದ ಮೇಲೆ ಶುರು ಮಾಡಿ, ಶಿವರಾತ್ರಿಯೊಳಗೆ ಮುಗಿಸುವುದು ಜಾಣತನ. ಬೆಳಗಾವಿಯ ಹವೆ ತಂಪು, ಅಲ್ಲಿ ಸ್ವಲ್ಪ ಸಡಿಲ ಇರಬಹುದು. ಆದರೆ ಮೋಡ ಇದೆ ಅಂತ ಸನ್‌ಸ್ಕ್ರೀನ್ ಬಿಡುವಂತಿಲ್ಲ.

ಮದುವೆ ವೈಶಾಖದಲ್ಲಿದ್ದರೆ ಹಿಂದಿನ ದೀಪಾವಳಿಗೇ ಡಾಕ್ಟರನ್ನು ನೋಡಬೇಕು. ಕೊನೆಯ ಪೀಲ್ ಮದುವೆಗೆ ಒಂದು ತಿಂಗಳ ಮೊದಲೇ ಮುಗಿದಿರಲಿ. ಪೀಲ್ ಆದ ವಾರವೇ ಅರಿಷಿಣ ಹಚ್ಚುವ ಶಾಸ್ತ್ರ ಬಂದರೆ ಮುಖ ಉರಿದು ಹೋಗುತ್ತದೆ. ಅತ್ತೆ, ಚಿಕ್ಕಮ್ಮಂದಿರಿಗೆ ಅದನ್ನು ವಿವರಿಸಿ ಹೇಳುವುದು ಇನ್ನೂ ಕಷ್ಟ.

ಹಂತ 6: ಮುಖಕ್ಕೆ ಕ್ಲಿನಿಕ್ಕಿನ ಚಿಕಿತ್ಸೆ

ಕೆಮಿಕಲ್ ಪೀಲ್ ಅಂದರೆ ಆ್ಯಸಿಡ್ ಹಚ್ಚಿ ಮೇಲಿನ ಸತ್ತ ಪದರ ಕಳಚುವುದು. ಮೊಡವೆ, ಜಿಡ್ಡು ಮುಖಕ್ಕೆ ಸ್ಯಾಲಿಸಿಲಿಕ್. ಕಲೆ, ಮಂಕಿಗೆ ಗ್ಲೈಕೋಲಿಕ್. ಸೂಕ್ಷ್ಮ ಚರ್ಮಕ್ಕೆ ಲ್ಯಾಕ್ಟಿಕ್, ಮ್ಯಾಂಡೆಲಿಕ್. ಗ್ಲೈಕೋಲಿಕ್ ಕಬ್ಬಿನಲ್ಲೂ ಇದೆ ಅಂತ ಜಾಹೀರಾತಿನಲ್ಲಿ ಹೇಳುತ್ತಾರೆ. ಮುಧೋಳ, ಜಮಖಂಡಿಯವರು ಅದನ್ನು ಕೇಳಿ ಮುಖಕ್ಕೆ ಕಬ್ಬಿನ ಹಾಲು ಬಳಿದುಕೊಳ್ಳಬೇಡಿ. ನೊಣ ಬರುತ್ತವೆ, ಬೇರೇನೂ ಆಗುವುದಿಲ್ಲ. ಕ್ಲಿನಿಕ್ಕಿನಲ್ಲಿ ಗ್ಲೈಕೋಲಿಕ್ ಸಾಮಾನ್ಯವಾಗಿ 20ರಿಂದ 35 ಶೇಕಡಾ ಬಲದಿಂದ ಶುರುವಾಗುತ್ತದೆ. ಕೆಲವೇ ನಿಮಿಷ ಇಟ್ಟು, ಸೋಡಾ ದ್ರಾವಣ ಅಥವಾ ನೀರಿನಿಂದ ನಿಲ್ಲಿಸುತ್ತಾರೆ. ಎರಡು ಮೂರು ವಾರಕ್ಕೊಮ್ಮೆ, ನಾಲ್ಕರಿಂದ ಆರು ಸಲ. ಗಡಿಯಾರ ನೋಡದೆ ಆ್ಯಸಿಡ್ ಹಚ್ಚಿ ಫೋನಿನಲ್ಲಿ ಮಾತಾಡುತ್ತಾ ಕೂರುವ ಕಡೆ ಮಲಗಬೇಡಿ. ಆನ್‌ಲೈನಲ್ಲಿ ಬಾಟ್ಲಿ ತರಿಸಿ ಮನೆಯಲ್ಲಿ ಹಚ್ಚುವುದಂತೂ ಬೇಡವೇ ಬೇಡ.

ಮೊಡವೆಯ ಗುಂಡಿಗಳಿಗೆ ಪೀಲ್‌ಗಿಂತ ಮೈಕ್ರೋನೀಡ್ಲಿಂಗ್ ಒಳ್ಳೆಯದು. ಸಣ್ಣ ಸೂಜಿಗಳಿಂದ ಚುಚ್ಚಿದಾಗ ಚರ್ಮ ಹೊಸ ಕೊಲಾಜೆನ್ (ಚರ್ಮಕ್ಕೆ ಬಿಗಿ ಕೊಡುವ ಎಳೆ) ಕಟ್ಟುತ್ತದೆ. ಮರಗಟ್ಟುವ ಕ್ರೀಮನ್ನು 45 ನಿಮಿಷದಿಂದ ಒಂದು ಗಂಟೆ ಹಚ್ಚಿಟ್ಟು ಮಾಡುತ್ತಾರೆ. ನಾಲ್ಕರಿಂದ ಆರು ವಾರಕ್ಕೊಮ್ಮೆ, ಹಲವು ಸಲ. ಎದ್ದು ನಿಂತಿರುವ ಮೊಡವೆ ಇದ್ದಾಗ ಮಾಡಿಸಬಾರದು. ಸೂಜಿಯ ತುದಿಯನ್ನು ನಿಮ್ಮೆದುರೇ ಹೊಸ ಪೊಟ್ಟಣದಿಂದ ತೆಗೆಯಬೇಕು, ಇದರಲ್ಲಿ ರಾಜಿ ಇಲ್ಲ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಲೈಸೆನ್ಸ್ ಇಲ್ಲದ ಒಂದು ಸ್ಪಾವನ್ನು 2018ರಲ್ಲಿ ಮುಚ್ಚಿಸಿದರು. ಅಲ್ಲಿ ರಕ್ತ ಹಚ್ಚಿ ಸೂಜಿ ಚುಚ್ಚುವ ಫೇಶಿಯಲ್ ಮಾಡಿಸಿದವರಿಗೆ ಎಚ್‌ಐವಿ ತಗುಲಿದ್ದನ್ನು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ 2024ರಲ್ಲಿ ವರದಿ ಮಾಡಿತು. ಅಕ್ಕತಂಗಿಯರು ಒಂದೇ ಡರ್ಮಾರೋಲರ್ (ಮುಖದ ಮೇಲೆ ಉರುಳಿಸುವ ಸೂಜಿಯ ಉರುಳೆ) ಹಂಚಿಕೊಳ್ಳುವುದೂ ಇದೇ ಅಪಾಯವೇ.

ಲೇಸರ್ ಅಂದರೆ ಒಂದೇ ಅಲ್ಲ. ಗುಂಡಿ, ಆಳದ ಗೆರೆಗೆ ಫ್ರಾಕ್ಷನಲ್ ಸಿಒ2. ಬಣ್ಣದ ಕಲೆಗೆ ಕ್ಯೂ-ಸ್ವಿಚ್ಡ್ ಎನ್‌ಡಿ ಯಾಗ್. ನಮ್ಮ ಬಣ್ಣದ ಚರ್ಮಕ್ಕೆ 1064 ನ್ಯಾನೋಮೀಟರಿನ ಕಿರಣ ಹೆಚ್ಚು ಸುರಕ್ಷಿತ, ಮೇಲಿನ ಬಣ್ಣವನ್ನು ಅಷ್ಟಾಗಿ ಸುಡದೆ ಒಳಗೆ ಇಳಿಯುತ್ತದೆ. ಬಂಗಿಗೆ ಮಾತ್ರ ಲೇಸರ್ ಅಂದರೆ ನನಗೆ ಅನುಮಾನವೇ. ತಕ್ಷಣ ತಿಳಿಯಾಗಿ, ನಿಲ್ಲಿಸಿದ ಮೇಲೆ ಮತ್ತೆ ಗಾಢವಾಗುವುದು ಸಾಮಾನ್ಯ. ಮುಲಾಮು, ಮಾತ್ರೆ ಎಲ್ಲ ಸೋತ ಮೇಲಷ್ಟೇ ಯೋಚಿಸಿ.

ಬೊಟಾಕ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮುಖ ಸಿಂಡರಿಸಿದಾಗ ಬೀಳುವ ಗೆರೆಗೆ ಅದು ಕೆಲಸ ಮಾಡುತ್ತದೆ. ಕೆಲವೇ ದಿನದಲ್ಲಿ ಪರಿಣಾಮ ಶುರು, ಎರಡು ವಾರಕ್ಕೆ ಪೂರ್ತಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಬಿಸಿಲಿಗೆ ಬಿದ್ದ ಕಲೆ, ಒರಟುತನಕ್ಕೆ ಇದರಿಂದ ಏನೂ ಆಗುವುದಿಲ್ಲ.

ಫಿಲ್ಲರ್ ಬೇರೆ. ಕೆನ್ನೆ ಗುಳಿ, ತುಟಿಗೆ ತುಂಬುವ ಹಯಾಲುರೋನಿಕ್ ಆ್ಯಸಿಡ್ ಜೆಲ್ ಅದು. ಅಪರೂಪಕ್ಕೆ ಅದು ರಕ್ತನಾಳಕ್ಕೆ ಹೋದರೆ ಚರ್ಮ ಸಾಯಬಹುದು, ಕಣ್ಣೇ ಹೋಗಬಹುದು. ಮೂಗು, ಹುಬ್ಬುಗಳ ನಡುವೆ ಈ ಅಪಾಯ ಜಾಸ್ತಿ. ಹಾಗಾಗಿ ಒಂದೇ ಪ್ರಶ್ನೆ ಕೇಳಿ: ‘ಹಯಾಲುರೋನಿಡೇಸ್ ಇಲ್ಲಿ ಇಟ್ಟಿದ್ದೀರಾ?’ ಆ ಜೆಲ್ಲನ್ನು ಕರಗಿಸುವ ಔಷಧ ಅದು. ಇಲ್ಲ ಅಂದರೆ ಅಲ್ಲಿ ಫಿಲ್ಲರ್ ಬೇಡ. ಕರಗದ, ಶಾಶ್ವತ ಫಿಲ್ಲರ್ ಎಲ್ಲಿಯೂ ಬೇಡ.

ಬೆಳ್ಳಗಾಗಲು ಗ್ಲುಟಾಥಯೋನ್ ಡ್ರಿಪ್ ಹಾಕುವವರಿದ್ದಾರೆ. ಚರ್ಮ ಬಿಳಿ ಮಾಡಲು ಆ ಇಂಜೆಕ್ಷನ್ನಿಗೆ ನಮ್ಮ ದೇಶದಲ್ಲಿ ಒಪ್ಪಿಗೆ ಇಲ್ಲ. ಹುಟ್ಟಿದ ಬಣ್ಣ ಕಾಯಿಲೆಯೂ ಅಲ್ಲ.

ಹಂತ 7: ತಲೆಗೆ

ಮನೆತನದ ಬೋಳಿಗೆ ಮೊದಲ ಆಯ್ಕೆ ಮಿನಾಕ್ಸಿಡಿಲ್. ಮೂಲತಃ ಬಿಪಿ ಮಾತ್ರೆ ಅದು. ನುಂಗಿದವರ ಮೈಮೇಲೆಲ್ಲ ಕೂದಲು ಬಂದದ್ದು ನೋಡಿ ತಲೆಗೆ ಹಚ್ಚುವ ದ್ರಾವಣ ಮಾಡಿದರು. ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿತು. ಗಂಡಸರು ಸಾಮಾನ್ಯವಾಗಿ 5 ಶೇಕಡಾದ್ದನ್ನು ಒಂದು ಮಿಲಿಲೀಟರ್‌ನಂತೆ ದಿನಕ್ಕೆ ಎರಡು ಸಲ ಹಚ್ಚುತ್ತಾರೆ. ಅಂದರೆ 60 ಮಿಲಿಲೀಟರಿನ ಬಾಟ್ಲಿ ಒಂದು ತಿಂಗಳಿಗೆ ಮುಗಿಯಬೇಕು. ಮೂರು ತಿಂಗಳು ಬಂದರೆ ನೀವು ಕಡಿಮೆ ಹಚ್ಚುತ್ತಿದ್ದೀರಿ. ಹೆಂಗಸರಿಗೆ ಎಷ್ಟು ಬಲದ್ದು ಅಂತ ಡಾಕ್ಟರು ಹೇಳುತ್ತಾರೆ. ಬಸುರಿ, ಬಾಣಂತಿಯರಿಗೆ ಬೇಡ.

ಹಚ್ಚಬೇಕಾದದ್ದು ಕೂದಲಿಗಲ್ಲ, ತಲೆಯ ಚರ್ಮಕ್ಕೆ. ಬೈತಲೆ ತೆಗೆದು, ಒಣಗಿದ ಚರ್ಮದ ಮೇಲೆ ಬಿಟ್ಟು, ಬೆರಳಿನಿಂದ ಹರಡಿ. ಎಣ್ಣೆ ತಲೆಯ ಮೇಲೆ ಹಚ್ಚಿದರೆ ಔಷಧ ಒಳಗೆ ಇಳಿಯುವುದು ಕಷ್ಟ. ಅಮ್ಮ ಬಿಡುವುದಿಲ್ಲ ಅಂದರೆ ತಲೆಸ್ನಾನಕ್ಕೆ ಒಂದು ಗಂಟೆ ಮೊದಲು ಕೊಬ್ಬರಿ ಎಣ್ಣೆ ಹಚ್ಚಿಸಿಕೊಂಡು ತೊಳೆದುಬಿಡಿ. ಎಣ್ಣೆಯಿಂದ ಕೂದಲು ಮುರಿಯುವುದು ಕಡಿಮೆಯಾಗುತ್ತದೆ, ಹೊಸದು ಹುಟ್ಟುವುದಿಲ್ಲ. ಹೊಟ್ಟು ಇದ್ದವರಿಗೆ ರಾತ್ರಿಯಿಡೀ ಎಣ್ಣೆ ಇಟ್ಟರೆ ಹೊಟ್ಟು ಇನ್ನೂ ಜಾಸ್ತಿಯಾಗುತ್ತದೆ.

ಶುರು ಮಾಡಿದ ಕೆಲವು ವಾರಕ್ಕೆ ಕೂದಲು ಮೊದಲಿಗಿಂತ ಜಾಸ್ತಿ ಉದುರುತ್ತದೆ. ಹೆಚ್ಚಿನವರು ಬಾಟ್ಲಿ ಎಸೆಯುವುದು ಇಲ್ಲೇ. ಅದು ಹಳೆಯ ಕೂದಲು ಜಾಗ ಬಿಡುತ್ತಿರುವ ಗುರುತು. ನಾಲ್ಕು ತಿಂಗಳವರೆಗೆ ಕನ್ನಡಿ ಕೇಳಬೇಡಿ, ತೀರ್ಮಾನ ಆರರಿಂದ ಹನ್ನೆರಡು ತಿಂಗಳಿಗೆ. ಬಿಟ್ಟರೆ ಕೆಲವೇ ತಿಂಗಳಲ್ಲಿ ಗಳಿಸಿದ್ದೆಲ್ಲ ಹೋಗುತ್ತದೆ. ಅಂದರೆ ಇದು ಬಹಳ ವರ್ಷದ ಖರ್ಚು, ಶುರು ಮಾಡುವ ಮೊದಲೇ ಲೆಕ್ಕ ಹಾಕಿಕೊಳ್ಳಿ. ಇದೇ ಔಷಧವನ್ನು ಈಗ ಸಣ್ಣ ಪ್ರಮಾಣದ ಗುಳಿಗೆಯಾಗಿಯೂ ಕೊಡುತ್ತಾರೆ. ಬಿಪಿ, ಹೃದಯ ನೋಡದೆ ಅದನ್ನು ನುಂಗಬೇಡಿ.

ಗಂಡಸರಿಗೆ ಎರಡನೆಯದು ಫಿನಾಸ್ಟರೈಡ್ ಮಾತ್ರೆ, ದಿನಕ್ಕೆ 1 ಮಿಲಿಗ್ರಾಂ. ಡಿಎಚ್‌ಟಿ ಅನ್ನುವ ಹಾರ್ಮೋನು ಕೂದಲ ಬುಡವನ್ನು ಸಣ್ಣದು ಮಾಡುತ್ತಾ ಹೋಗುತ್ತದೆ, ಇದು ಆ ಹಾರ್ಮೋನನ್ನು ಕಡಿಮೆ ಮಾಡುತ್ತದೆ. ಕೆಲವರಿಗೆ ಲೈಂಗಿಕ ಆಸಕ್ತಿ ಕುಗ್ಗುವುದು, ಮನಸ್ಸು ಮಂಕಾಗುವುದು ಆಗಬಹುದು. ಸಂಕೋಚ ಬಿಟ್ಟು ಡಾಕ್ಟರ ಹತ್ತಿರ ಮಾತಾಡಿ. ಬಸುರಿಯರು ಈ ಮಾತ್ರೆಯ ಮುರಿದ ಚೂರನ್ನು ಮುಟ್ಟಲೂ ಬಾರದು. ನುಂಗುತ್ತಿರುವಾಗ ರಕ್ತದಾನ ಮಾಡಬಾರದು. ವಯಸ್ಸಾದವರು ಪ್ರಾಸ್ಟೇಟ್‌ನ ಪಿಎಸ್‌ಎ ಪರೀಕ್ಷೆಗೆ ಹೋದಾಗ ಇದನ್ನು ಹೇಳಬೇಕು, ಇದು ಆ ಸಂಖ್ಯೆಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ.

ಪಿಆರ್‌ಪಿ ಮೂರನೆಯದು. ಎಲ್ಲರೂ ಮೊದಲು ಕೇಳುವುದು ಇದನ್ನೇ. ನಿಮ್ಮದೇ ರಕ್ತ ಸುಮಾರು 10ರಿಂದ 20 ಮಿಲಿಲೀಟರ್ ತೆಗೆದು, ಗಿರಗಿರ ತಿರುಗುವ ಯಂತ್ರದಲ್ಲಿ ಹಾಕಿ, ಪ್ಲೇಟ್‌ಲೆಟ್ ಜಾಸ್ತಿ ಇರುವ ಹಳದಿ ಭಾಗವನ್ನು ತಲೆಗೆ ಚುಚ್ಚುತ್ತಾರೆ. ತಿಂಗಳಿಗೊಮ್ಮೆ ಮೂರು ನಾಲ್ಕು ಸಲ, ಆಮೇಲೆ ಆಗಾಗ. ಕೂದಲು ತೆಳುವಾಗುತ್ತಿರುವ ಜಾಗದಲ್ಲಿ ಒಂದಷ್ಟು ಫಲ ಇದೆ. ಹೊಳೆಯುವ ಬೋಳಿನಲ್ಲಿ ಇಲ್ಲ, ಬುಡವೇ ಸತ್ತ ಮೇಲೆ ಗೊಬ್ಬರ ಹಾಕಿ ಏನು ಮಾಡುವುದು? ಮಿನಾಕ್ಸಿಡಿಲ್ ಜೊತೆ ಮಾಡಿಸಿದರೆ ಸರಿ, ಅದರ ಬದಲಿಗೆ ಅಲ್ಲ. ಪ್ಲೇಟ್‌ಲೆಟ್ ಕಡಿಮೆ ಇದ್ದವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು ಮೊದಲೇ ಹೇಳಬೇಕು. ಟ್ಯೂಬಿನ ಮೇಲೆ ನಿಮ್ಮ ಹೆಸರು ಬರೆದಿದೆಯಾ ನೋಡಿ, ಒಂದೇ ದಿನ ಹಲವರಿಗೆ ಮಾಡುವಾಗ ಅದಲುಬದಲಾಗಬಾರದು.

ಊಟದ ಬಗ್ಗೆ ಒಂದೆರಡು ಮಾತು. ಜೋಳದ ರೊಟ್ಟಿ, ಮೊಳಕೆ ಬಂದ ಮಡಿಕೆಕಾಳು, ಹಸಿ ಸೊಪ್ಪು, ಶೇಂಗಾ ಹಿಂಡಿ ಚೆನ್ನಾಗಿ ಊಟ ಮಾಡುವವರಿಗೆ ದುಬಾರಿ ಪುಡಿ ಬೇಕಿಲ್ಲ. ಊಟ ಆದ ಕೂಡಲೇ ಚಹಾ ಕುಡಿಯುವ ಚಟ ಬಿಡಿ, ಅದು ಕಬ್ಬಿಣದ ಅಂಶ ಮೈಗೆ ಹತ್ತದಂತೆ ಮಾಡುತ್ತದೆ.

ಹಂತ 8: ಆ ದಿನ ಮತ್ತು ಆಮೇಲೆ

ಹೋಗುವ ಮೊದಲು ಡಾಕ್ಟರಿಗೆ ಹೇಳಬೇಕಾದವು: ಬಸುರಿಯೇ, ಮೊಲೆಯೂಡಿಸುತ್ತಿದ್ದೀರಾ, ತುಟಿಯಲ್ಲಿ ಆಗಾಗ ನೀರುಗುಳ್ಳೆ ಬರುತ್ತದಾ, ಗಾಯ ಆದರೆ ಉಬ್ಬಿ ಬೆಳೆಯುತ್ತದಾ, ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದೀರಾ, ಸಕ್ಕರೆ ಕಾಯಿಲೆ ಇದೆಯಾ. ರೆಟಿನಾಯ್ಡ್ ಕ್ರೀಮನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಕೇಳಿ. ಥ್ರೆಡಿಂಗ್, ಬ್ಲೀಚ್, ವ್ಯಾಕ್ಸ್ ಆ ವಾರ ಬೇಡ.

ಹಿಂದಿರುಗುವಾಗ ಬೈಕಿನ ಮೇಲೆ ಮಟಮಟ ಮಧ್ಯಾಹ್ನ ಬರಬೇಡಿ, ಸಂಜೆಯ ಪಾಳಿ ಕೇಳಿ. ಒಂದು ವಾರ ಒಲೆ ಮುಂದೆ ಜಾಸ್ತಿ ಹೊತ್ತು ನಿಂತು ರೊಟ್ಟಿ ಬಡಿಯುವುದನ್ನೂ ಮನೆಯವರು ಯಾರಾದರೂ ನೋಡಿಕೊಳ್ಳಲಿ, ಬಿಸಿಯೂ ಬಣ್ಣ ಕೆರಳಿಸುತ್ತದೆ. ಏಳುವ ಸಿಪ್ಪೆಯನ್ನು ಕೀಳಬೇಡಿ. ಆ ಒಂದು ಚಟದಿಂದ ಉಳಿದ ಕಲೆಗಳು ಎಷ್ಟೋ.

ಸ್ವಲ್ಪ ಕೆಂಪು, ಸ್ವಲ್ಪ ಊತ ಒಂದೆರಡು ದಿನ ಸಹಜ. ಬೊಬ್ಬೆ, ಕೀವು, ಜ್ವರ, ದಿನದಿಂದ ದಿನಕ್ಕೆ ಏರುವ ನೋವು ಸಹಜ ಅಲ್ಲ, ಅದೇ ದಿನ ತೋರಿಸಿ. ಫಿಲ್ಲರ್ ಆದ ಮೇಲೆ ಚರ್ಮ ಬಿಳಚಿಕೊಂಡರೆ, ಜಾಲಿಯಂತೆ ನೀಲಿ ಗುರುತು ಬಂದರೆ, ಕಣ್ಣು ಮಂಜಾದರೆ ಬೆಳಗಾಗಲಿ ಅಂತ ಕಾಯಬೇಡಿ. ಗಂಟೆಗಳ ಲೆಕ್ಕ ಅದು.

ಇನ್ನು ದುಡ್ಡು. ಆರು ಸಿಟಿಂಗ್‌ನ ಪ್ಯಾಕೇಜಿಗೆ ಇಂದೇ ಕಟ್ಟಿದರೆ ಅರ್ಧ ಬೆಲೆ ಅನ್ನುತ್ತಾರೆ. ಕಟ್ಟಬೇಡಿ. ಒಂದೊಂದೇ ಸಿಟಿಂಗಿಗೆ ಕೊಡಿ. ಹೇಳಿದ ದರದಲ್ಲಿ ಜಿಎಸ್‌ಟಿ, ಮರಗಟ್ಟುವ ಕ್ರೀಮು, ಸೂಜಿ ಎಲ್ಲ ಸೇರಿದೆಯಾ ಕೇಳಿ, ಬಿಲ್ ತಗೊಳ್ಳಿ. ಚಂದಕ್ಕಾಗಿ ಮಾಡಿಸಿದ್ದಕ್ಕೆ ಆರೋಗ್ಯ ವಿಮೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಶುರುವಿಗೆ ಮೊದಲು ಒಂದೇ ಕಿಟಕಿ, ಒಂದೇ ಹೊತ್ತು, ಮೇಕಪ್ಪಿಲ್ಲದೆ ಫೋಟೋ ತೆಗೆದಿಡಿ. ತಲೆಗಾದರೆ ಬೈತಲೆ, ನೆತ್ತಿ, ಹಣೆ ಮೂರೂ ಕಡೆಯಿಂದ. ಮೂರು ಸಿಟಿಂಗ್ ಆದ ಮೇಲೆ ಅದೇ ಕಿಟಕಿಯ ಮುಂದೆ ನಿಂತು ಮತ್ತೆ ತೆಗೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಮನೆಯವರಿಗೂ ವ್ಯತ್ಯಾಸ ಕಾಣದಿದ್ದರೆ, ನಾಲ್ಕನೆಯದಕ್ಕೆ ದುಡ್ಡು ಕೊಡುವ ಮೊದಲು ಇನ್ನೊಬ್ಬ ಚರ್ಮರೋಗ ತಜ್ಞರಿಗೆ ಆ ಫೋಟೋಗಳನ್ನು ತೋರಿಸಿ.